ಅವನದೇ ಎರಡು ನಿಮಿಷ: ಕೈ ಎತ್ತಿ ಕಾಯುವ ವಿಡಿಯೋ ಕಟ್ಟಿದ ಬಗೆ

ಎಂಟು ವರ್ಷದ ಹುಡುಗನೊಬ್ಬನಿಗೆ ಎರಡು ಪುಟ್ಟ ವಿಡಿಯೋ ಮಾಡಿಕೊಟ್ಟಿದ್ದೇನೆ. ಮೊದಲನೆಯದರಲ್ಲಿ ಅವನು ಕೈ ಎತ್ತುತ್ತಾನೆ, ಟೀಚರ್ ಹೆಸರು ಕರೆಯುವವರೆಗೂ ಕಾಯುತ್ತಾನೆ, ಆಮೇಲೆ ಉತ್ತರ ಹೇಳುತ್ತಾನೆ. ಎರಡನೆಯದರಲ್ಲಿ ಬರೆಯೋ ಕೆಲಸ ಕೊಟ್ಟ ಕೂಡಲೇ ಪುಸ್ತಕ ತೆರೆಯುತ್ತಾನೆ, ಮುಗಿಯುವ ತನಕ ಜಾಗ ಬಿಟ್ಟು ಏಳುವುದಿಲ್ಲ. ನಿಜವಾದ ತರಗತಿಯಲ್ಲಿ ಇವೆರಡೂ ಅವನಿಂದ ಹೀಗೆ ಒಂದೇ ಸಮನೆ ಆಗಿದ್ದೇ ಇಲ್ಲ. ಆದರೆ ವಿಡಿಯೋದಲ್ಲಿರುವ ಪ್ರತಿ ಸೆಕೆಂಡೂ ಅವನೇ ಮಾಡಿದ್ದು. ತುಂಡು ತುಂಡಾಗಿ ಮಾಡಿದ್ದನ್ನು ನಾವು ಜೋಡಿಸಿದ್ದೇವೆ.

ಇದಕ್ಕೆ ವಿಡಿಯೋ ಸೆಲ್ಫ್ ಮಾಡೆಲಿಂಗ್ ಅನ್ನುತ್ತಾರೆ. ಮಗುವಿಗೆ ಬೇರೆ ಯಾರನ್ನೋ ಮಾದರಿಯಾಗಿ ತೋರಿಸುವ ಬದಲು, ಚೆನ್ನಾಗಿ ನಡೆದುಕೊಳ್ಳುತ್ತಿರುವ ಅವನನ್ನೇ ಅವನಿಗೆ ತೋರಿಸುವುದು. ಹೊಸದೇನಲ್ಲ. 1970ರಲ್ಲೇ ಕ್ರೀರ್ ಮತ್ತು ಮಿಕ್ಲಿಕ್ ಎಂಬಿಬ್ಬರು ಅಮೆರಿಕದ ಡೆನ್ವರ್‌ನಲ್ಲಿ ಆಸ್ತಮಾ ಇದ್ದ ಒಬ್ಬ ಹುಡುಗನಿಗೆ ಅವನದೇ ವಿಡಿಯೋ ತೋರಿಸಿ ಅದರ ಬಗ್ಗೆ ಬರೆದರು. ಆಮೇಲೆ ಪೀಟರ್ ಡೌರಿಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಬೆಳೆಸಿದರು. ಅವರು ಇದರಲ್ಲಿ ಎರಡು ಬಗೆ ಗುರುತಿಸುತ್ತಾರೆ. ಮಗು ಆಗಲೇ ಮಾಡಬಲ್ಲದ್ದರಲ್ಲಿ ಅತಿ ಚೆನ್ನಾಗಿ ಬಂದದ್ದನ್ನು ಆರಿಸಿ ತೋರಿಸುವುದು ಒಂದು. ಮಗು ಇನ್ನೂ ಪೂರ್ತಿಯಾಗಿ ಮಾಡದೇ ಇರುವುದನ್ನು, ಗೊತ್ತಿರುವ ತುಂಡುಗಳಿಂದ ಕಟ್ಟಿ ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ಫೀಡ್‌ಫಾರ್ವರ್ಡ್ ಅಂತ ಹೆಸರು. ನಾನು ಮಾಡಿದ್ದು ಈ ಎರಡನೇ ಬಗೆಯದು. ಇದರಲ್ಲಿ ಕೆಲಸವೆಲ್ಲ ಎಡಿಟಿಂಗ್ ಮೇಜಿನ ಮೇಲೇ ಇದೆ, ಅದಕ್ಕೇ ಇದನ್ನು ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ನಾನು, ಮಕ್ಕಳ ಕಲಿಕೆಯಲ್ಲೋ ನಡವಳಿಕೆಯಲ್ಲೋ ತೊಡಕು ಬಂದಾಗ ಕ್ಲಾಸ್ ಟೀಚರ್ ಜೊತೆ ಕೂತು ಕೆಲಸ ಮಾಡುವವಳು. ವಿಡಿಯೋ ನನ್ನ ಕಸುಬಲ್ಲ. ಒಂದು ಫೋನ್, ಒಂದು ಟ್ರೈಪಾಡ್, ಪುಕ್ಕಟೆ ಸಿಗುವ ಒಂದು ಎಡಿಟಿಂಗ್ ಸಾಫ್ಟ್‌ವೇರ್, ಇಷ್ಟರಲ್ಲೇ ಎಲ್ಲ ಆಗಿದೆ.

ಕ್ಯಾಮೆರಾ ತೆಗೆಯುವ ಮೊದಲು

ಟೀಚರ್ ನನ್ನ ಹತ್ತಿರ ಬಂದು ಹೇಳಿದ್ದು, "ತುಂಬಾ ಗಲಾಟೆ ಮಾಡ್ತಾನೆ" ಅಂತ. ಗಲಾಟೆಯನ್ನು ಹೇಗೂ ತೋರಿಸುವುದಿಲ್ಲ. ಗಲಾಟೆ ಮಾಡದೇ ಇರುವುದನ್ನು ಶೂಟ್ ಮಾಡಲು ಬರುವುದಿಲ್ಲ. ನಿದ್ದೆ ಮಾಡುತ್ತಿರುವ ಮಗುವೂ ಗಲಾಟೆ ಮಾಡುತ್ತಿರುವುದಿಲ್ಲ ಅಲ್ವಾ? ಕ್ಯಾಮೆರಾಗೆ ಬೇಕಾದದ್ದು ಕಣ್ಣಿಗೆ ಕಾಣುವ ಒಂದು ಕೆಲಸ. ಹಾಗಾಗಿ ಟೀಚರ್ ಜೊತೆ ಕೂತು ಗಲಾಟೆಯನ್ನು ಬಿಡಿಸಿ ನೋಡಿದೆವು. ಹೊರಬಿದ್ದದ್ದು ಎರಡು ವಿಷಯ. ಪ್ರಶ್ನೆ ಕೇಳಿದ ತಕ್ಷಣ ಕೂತಲ್ಲಿಂದಲೇ ಉತ್ತರ ಕೂಗುತ್ತಾನೆ. ಬರೆಯೋಕೆ ಕೊಟ್ಟರೆ ಎದ್ದು ಓಡಾಡುತ್ತಾನೆ. ಇವುಗಳ ಜಾಗಕ್ಕೆ ಏನು ಬರಬೇಕು? ಕೈ ಎತ್ತಿ ಕಾಯುವುದು, ಕೂತು ಬರೆಯುವುದು. ಒಂದೊಂದಕ್ಕೂ ಒಂದೊಂದು ಬೇರೆ ವಿಡಿಯೋ. ಎರಡನ್ನೂ ಒಂದರಲ್ಲೇ ತುರುಕಿದರೆ ಯಾವುದನ್ನು ನೋಡಬೇಕು ಅಂತ ಮಗುವಿಗೆ ತಿಳಿಯುವುದಿಲ್ಲ.

ಆಮೇಲೆ ಎಣಿಕೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಎಣಿಸದೇ ಹೋದರೆ ಕೊನೆಗೆ "ಏನೋ ಸ್ವಲ್ಪ ಸುಧಾರಿಸಿದ್ದಾನೆ ಅನ್ಸುತ್ತೆ" ಅನ್ನುವುದರಾಚೆ ಏನೂ ಉಳಿಯುವುದಿಲ್ಲ. ಕೂಗುವುದನ್ನು ಎಣಿಸುವುದು ಸುಲಭ, ಕೂಗಿದಾಗಲೆಲ್ಲ ಒಂದು ಗೀಟು. ಬರೆಯುವ ಕೆಲಸಕ್ಕೆ ಬೇರೆ ದಾರಿ ಬೇಕು. ಫೋನ್ ಜೇಬಿನಲ್ಲಿ ಪ್ರತಿ 15 ಸೆಕೆಂಡಿಗೆ ಒಮ್ಮೆ ನಡುಗುವಂತೆ ಇಟ್ಟುಕೊಂಡು 20 ನಿಮಿಷ ಹಿಂದಿನ ಬೆಂಚಿನಲ್ಲಿ ಕೂತೆ. ನಡುಗಿದ ಆ ಕ್ಷಣದಲ್ಲಿ ತಲೆ ಎತ್ತಿ ನೋಡುವುದು. ಬರೆಯುತ್ತಿದ್ದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ. ಒಂದು ಸಲಕ್ಕೆ 80 ಗುರುತು ಸಿಗುತ್ತದೆ. ಆ 15 ಸೆಕೆಂಡಿನಲ್ಲಿ ಯಾವಾಗಲಾದರೂ ಎದ್ದನಾ ಅಂತ ನೋಡಿದರೆ ಓಡಾಟ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಅದಕ್ಕೇ ಆ ಒಂದು ಕ್ಷಣವನ್ನಷ್ಟೇ ಹಿಡಿಯುವುದು ಒಳ್ಳೆಯದು.

ಪಕ್ಕದಲ್ಲಿ ಕೂತ ಒಂದಿಬ್ಬರು ಮಕ್ಕಳನ್ನೂ ಇದೇ ಥರ ಗುರುತಿಸಿದೆ. ಇದು ತುಂಬಾ ಉಪಯೋಗಕ್ಕೆ ಬಂತು. ಯಾವ ಮಗುವೂ 80ಕ್ಕೆ 80 ಬರೆಯುತ್ತಾ ಕೂತಿರುವುದಿಲ್ಲ. ಪೆನ್ಸಿಲ್ ಕೆತ್ತುತ್ತಾರೆ, ಕಿಟಕಿ ನೋಡುತ್ತಾರೆ, ಪಕ್ಕದವರ ರಬ್ಬರ್ ಕೇಳುತ್ತಾರೆ. ಇವನ ಗುರಿ ಅವರಷ್ಟಾಗುವುದು, ಬೊಂಬೆಯಾಗುವುದಲ್ಲ. ಟೀಚರ್‌ಗೆ ಆ ಹಾಳೆ ತೋರಿಸಿದಾಗ ಅವರ ಮುಖದಲ್ಲೂ ಸ್ವಲ್ಪ ಸಮಾಧಾನ ಕಂಡಿತು.

ಇನ್ನೊಂದು ಪ್ರಶ್ನೆ, ಯಾಕೆ ಹೀಗೆ ಮಾಡುತ್ತಾನೆ ಅನ್ನುವುದು. ಕೂಗುವಾಗ ಅವನಿಗೆ ಉತ್ತರ ಗೊತ್ತಿರುತ್ತದೆ, ಹೇಳುವ ಆತುರ ತಡೆಯಲಾಗುವುದಿಲ್ಲ. ಜೊತೆಗೆ ಕ್ಲಾಸೆಲ್ಲ ತಿರುಗಿ ನೋಡುತ್ತದೆ. ಎದ್ದು ಓಡಾಡುವುದು ಮಾತ್ರ ಬೋರ್ಡಿನಿಂದ ಉದ್ದುದ್ದ ಬರೆದುಕೊಳ್ಳುವಾಗಲೇ ಜಾಸ್ತಿ. ಈ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಮುಂದೆ ಇದೇ ಕೈ ಹಿಡಿಯಿತು.

ವಯಸ್ಸನ್ನೂ ನೋಡಬೇಕು. ಕನ್ನಡಿಯಲ್ಲಿ ತನ್ನನ್ನು ಗುರುತಿಸುವುದು ಮಕ್ಕಳಿಗೆ ಎರಡು ವರ್ಷದ ಹೊತ್ತಿಗೆ ಬರುತ್ತದೆ. ಆದರೆ ಸ್ವಲ್ಪ ಹೊತ್ತಿನ ಹಿಂದೆ ತೆಗೆದ ವಿಡಿಯೋದಲ್ಲಿರುವುದು ತಾನೇ, ಅಲ್ಲಿ ಆದದ್ದು ತನಗೇ ಆದದ್ದು ಅನ್ನುವ ತಿಳಿವಳಿಕೆ ನಾಲ್ಕರ ಸುಮಾರಿಗೆ ಗಟ್ಟಿಯಾಗುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಈ ದಾರಿಯನ್ನು ನಾನು ಆರಿಸುವುದಿಲ್ಲ. ಇವನಿಗೆ ಎಂಟು, ತೊಂದರೆ ಇಲ್ಲ. ಫೋನ್‌ನಲ್ಲಿ ತನ್ನ ಫೋಟೋ ನೋಡೋದು ಅವನಿಗೆ ಇಷ್ಟ ಅಂತ ಅವನ ಅಮ್ಮನೇ ಹೇಳಿದರು. ಕೆಲವು ಮಕ್ಕಳಿಗೆ ತಮ್ಮನ್ನು ಪರದೆಯ ಮೇಲೆ ನೋಡಿದರೆ ಮುಜುಗರವಾಗುತ್ತದೆ. ಅಂಥವರಿಗೆ ಇನ್ನೊಬ್ಬ ಮಗು ಮಾಡುವುದನ್ನು ತೋರಿಸಿದರೂ ಆಗುತ್ತದೆ.

ಒಪ್ಪಿಗೆ

ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ. ಮುಖ್ಯ ಶಿಕ್ಷಕರ ಒಪ್ಪಿಗೆ. ಫ್ರೇಮಿನಲ್ಲಿ ಬರಬಹುದಾದ ಬೇರೆ ಮಕ್ಕಳ ಮನೆಯವರದ್ದೂ. ಒಪ್ಪದವರ ಮಕ್ಕಳನ್ನು ಕ್ಯಾಮೆರಾದ ಹಿಂಬದಿಗೆ ಬರುವ ಹಾಗೆ ಕೂರಿಸಿದೆವು. ಆಮೇಲೆ ಬ್ಲರ್ ಮಾಡುತ್ತೇನೆ ಅಂತ ಬಿಡುವುದಕ್ಕಿಂತ ಇದು ಮೇಲು. ಬ್ಲರ್ ಆದ ಮುಖ ಮಗುವಿನ ಕಣ್ಣನ್ನು ತನ್ನ ಕಡೆಗೇ ಎಳೆಯುತ್ತದೆ.

ಹುಡುಗನನ್ನೂ ಕೇಳಿದೆ. "ನಿನ್ ಬಗ್ಗೆ ಒಂದು ವಿಡಿಯೋ ಮಾಡೋಣ್ವಾ? ಕೈ ಎತ್ತೋದು ಹೇಗೆ ಅಂತ ನೀನೇ ಮಾಡಿ ತೋರಿಸ್ತೀಯಾ?" ಬೇಡ ಅಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಫೋನ್‌ನಲ್ಲಿ ಫೋಟೋಗಳು ತಾವಾಗಿಯೇ ಕ್ಲೌಡ್‌ಗೆ ಹೋಗುವ ಸೆಟ್ಟಿಂಗ್ ಇರುತ್ತದೆ. ಶೂಟಿಂಗ್‌ಗೆ ಮೊದಲೇ ಅದನ್ನು ಆಫ್ ಮಾಡಿ. ಫೈಲುಗಳೆಲ್ಲ ಪಾಸ್‌ವರ್ಡ್ ಇರುವ ಒಂದೇ ಡ್ರೈವಿನಲ್ಲಿ. ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸುವುದಿಲ್ಲ, ಮನೆಯವರಿಗೂ ಇಲ್ಲ. ಅವರಿಗೆ ಪೆನ್‌ಡ್ರೈವ್‌ನಲ್ಲಿ ಕೈಗೇ ಕೊಡುವುದು.

ಶೂಟಿಂಗ್

ಕ್ಯಾಮೆರಾ ಕಂಡರೆ ಮಕ್ಕಳು ಅದನ್ನೇ ನೋಡುತ್ತಾರೆ. ಅದಕ್ಕೆ ರೆಕಾರ್ಡ್ ಮಾಡದೇ ಸುಮ್ನೆ ಟ್ರೈಪಾಡ್ ಮೇಲೆ ಫೋನ್ ಇಟ್ಟು ಕೆಲವು ದಿನ ಬಿಟ್ಟೆವು. ಮೊದಲು ಎಲ್ಲರೂ ಬಂದು ಇಣುಕಿದರು, ಆಮೇಲೆ ಅದು ಮೂಲೆಯ ಕಸದಬುಟ್ಟಿಯಷ್ಟೇ ಸಾಮಾನ್ಯವಾಯಿತು.

ಫೋನನ್ನು ಅಡ್ಡಕ್ಕೆ ಇಡಬೇಕು. ಎತ್ತರ, ಕೂತ ಮಗುವಿನ ಕಣ್ಣಿನ ಮಟ್ಟಕ್ಕೆ. ನಿಂತ ದೊಡ್ಡವರ ಎತ್ತರದಿಂದ ತೆಗೆದರೆ ಮಗು ಚಿಕ್ಕದಾಗಿ, ಯಾರೋ ಕಾವಲು ಕಾಯುತ್ತಿರುವಂತೆ ಕಾಣುತ್ತದೆ. ಕಿಟಕಿ ಕ್ಯಾಮೆರಾದ ಹಿಂದಿರಲಿ, ಮಗುವಿನ ಬೆನ್ನಿಗಲ್ಲ. 4ಕೆಯಲ್ಲಿ ತೆಗೆದೆ. ಕೊನೆಯ ವಿಡಿಯೋ 1080ಪಿ ಸಾಕು. ಆದರೆ 4ಕೆ ಇದ್ದರೆ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಫ್ರೇಮಿನ ಅಂಚಿನಲ್ಲಿ ಬಂದ ಟೀಚರ್ ಕೈಯನ್ನೋ ಪಕ್ಕದ ಮಗುವನ್ನೋ ಕತ್ತರಿಸಿ ಹೊರಗಿಡಲು ಅದೇ ದಾರಿ.

ಇನ್ನೊಂದು ಫೋನನ್ನು ಧ್ವನಿಗೆ ಅಂತಲೇ ಅವನ ಮೇಜಿನ ಕೆಳಗಿನ ಹಲಗೆಯ ಮೇಲೆ ಇಟ್ಟೆ. ತರಗತಿಯ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ. ದೂರದ ಕ್ಯಾಮೆರಾದಲ್ಲಿ ಮಗುವಿನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಹತ್ತಿರದ ಧ್ವನಿ ಇಲ್ಲದಿದ್ದರೆ ಅವನ ಉತ್ತರ ಯಾರಿಗೂ ತಿಳಿಯುವುದಿಲ್ಲ, ಆ ಉತ್ತರವೇ ವಿಡಿಯೋದ ಜೀವ. ಶುರುವಿನಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿದರೆ ಎರಡೂ ರೆಕಾರ್ಡಿಂಗ್ ಹೊಂದಿಸುವುದು ಸುಲಭ. ಮತ್ತೆ, ಯಾರೂ ಮಾತಾಡದೇ ಇರುವಾಗಿನ ತರಗತಿಯ ಸದ್ದನ್ನು ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫ್ಯಾನಿನ ಗುಂಯ್, ಹಾಳೆ ಮಗುಚುವ ಸದ್ದು, ಹೊರಗಿನ ಮೈದಾನ. ಇದಿಲ್ಲದೆ ಎಡಿಟಿಂಗ್ ನಡೆಯುವುದೇ ಇಲ್ಲ.

ತಾನಾಗಿ ಆಗುವುದನ್ನು ಕಾದು ಹಿಡಿಯುವುದು ಒಂದು ದಾರಿ. ಅದಕ್ಕೆ ಗಂಟೆಗಟ್ಟಲೆ ರೆಕಾರ್ಡಿಂಗ್ ಬೇಕು, ಸಿಗುವುದು ಚೂರು ಪಾರು. ಹಾಗಾಗಿ ನಾಟಕದ ಥರ ಆಡಿಸಿದೆವು. ಸಣ್ಣ ಗುಂಪು, ಟೀಚರ್ ಪ್ರಶ್ನೆ ಕೇಳುತ್ತಾರೆ, ನಾನು ಕ್ಯಾಮೆರಾದ ಪಕ್ಕ.

ಪ್ರಶ್ನೆ ಬಂತು. ಅವನ ಬಾಯಿ ಆಗಲೇ ತೆರೆದಿತ್ತು. ನಾನು ನನ್ನ ಅಂಗೈ ಎತ್ತಿ ತೋರಿಸಿದೆ. ಅವನು ತುಟಿಯನ್ನು ಒಳಕ್ಕೆ ಎಳೆದು ಕಚ್ಚಿಕೊಂಡ. ಕೈ ಮೇಲೆ ಹೋಯಿತು, ನೆಟ್ಟಗೆ, ಮೊಣಕೈ ಕಿವಿಗೆ ತಾಗುವಷ್ಟು. ಬೆರಳುಗಳು ಕುಣಿಯುತ್ತಿದ್ದವು. ಇಡೀ ಮೈ ಬೆಂಚಿನಿಂದ ಒಂದು ಇಂಚು ಮೇಲೆದ್ದಿತ್ತು. ಆದರೂ ಬಾಯಿಂದ ಸದ್ದಿಲ್ಲ. ಎರಡು ಸೆಕೆಂಡ್ ಆಗಿರಬಹುದು. ಟೀಚರ್ ಹೆಸರು ಕರೆದರು, ಉತ್ತರ ಒಂದೇ ಉಸಿರಿಗೆ ಹೊರಬಂತು. ಆಮೇಲೆ ನನ್ನ ಕಡೆ ತಿರುಗಿ, "ಮಿಸ್, ಸಿಕ್ತಾ?" ಅಂದ. ಸಿಕ್ಕಿತ್ತು. ಇಡೀ ವಿಡಿಯೋ ನಿಂತಿರುವುದು ಆ ಎರಡು ಸೆಕೆಂಡಿನ ಮೇಲೆ.

ಬರೆಯುವ ವಿಡಿಯೋಗೆ ಒಂದೊಂದು ಸಲಕ್ಕೆ ಒಂದೆರಡು ಸಾಲು ಮಾತ್ರ ಬರೆಸಿದೆವು. ಬರೆದ, ಎದ್ದ, ಒಂದು ಸುತ್ತು ಹೊಡೆದ, ಮತ್ತೆ ಕೂತ. ಕ್ಯಾಮೆರಾ ಓಡುತ್ತಲೇ ಇರಲಿ. ಜೊತೆಗೆ ನೋಟ್‌ಬುಕ್ಕಿನ ಹತ್ತಿರದ ಶಾಟ್‌ಗಳು ಬೇಕು. ಪೆನ್ಸಿಲ್ ತುದಿ, ಅಕ್ಷರ ಮೂಡುತ್ತಿರುವುದು, ಪುಟ ತಿರುಗಿಸುವುದು. ಇವನ್ನು ಮೊದಲ ಸಾಲಿನಲ್ಲಿ ಇದ್ದಾಗ, ನಡುವಿನಲ್ಲಿ ಇದ್ದಾಗ, ಪುಟ ತುಂಬಿದಾಗ, ಹೀಗೆ ಬೇರೆ ಬೇರೆಯಾಗಿ ತೆಗೆಯಿರಿ.

ಎಡಿಟಿಂಗ್

ನಾನು ಬಳಸಿದ್ದು ಕೆಡೆನ್‌ಲೈವ್. ಶಾಟ್‌ಕಟ್ ಆದರೂ ಆಗುತ್ತದೆ, ಎರಡೂ ಪುಕ್ಕಟೆ.

ಮೊದಲ ತೊಡಕು ಧ್ವನಿಯದ್ದು. ಉದ್ದದ ಕ್ಲಿಪ್‌ಗಳಲ್ಲಿ ಶುರುವಿನಲ್ಲಿ ತುಟಿ ಮತ್ತು ಮಾತು ಹೊಂದುತ್ತಿದ್ದವು, ಕೊನೆಗೆ ಹೋಗುವಷ್ಟರಲ್ಲಿ ಮಾತು ಹಿಂದೆ ಬೀಳುತ್ತಿತ್ತು. ಕಾರಣ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು. ಫೋನ್‌ಗಳು ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿದರೂ ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದನ್ನು ಏರಿಳಿಸುತ್ತವೆ. ಪ್ಲೇ ಮಾಡುವಾಗ ಗೊತ್ತಾಗುವುದಿಲ್ಲ, ಎಡಿಟಿಂಗ್‌ನಲ್ಲಿ ತುಂಡುಗಳನ್ನು ಜೋಡಿಸುವ ಪಟ್ಟಿಯ (ಟೈಮ್‌ಲೈನ್) ಮೇಲೆ ಹಾಕಿದಾಗ ಬಯಲಾಗುತ್ತದೆ. ಪರಿಹಾರ ಸರಳ. ಎಡಿಟಿಂಗ್‌ಗೆ ಮೊದಲೇ ಎಲ್ಲ ಕ್ಲಿಪ್‌ಗಳನ್ನೂ ವಿಡಿಯೋ ಬದಲಿಸಿಕೊಡುವ ಎಫ್‌ಎಫ್‌ಎಂಪೆಗ್ ಅಥವಾ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಹಾಕಿ, ಫ್ರೇಮ್ ರೇಟ್ ಬದಲಾಗದೆ ಸರಿಯಾಗಿ 30 ಇರುವ ಹೊಸ ಕಾಪಿ ಮಾಡಿಕೊಳ್ಳುವುದು. ಕೆಡೆನ್‌ಲೈವ್ ಅಂಥ ಕ್ಲಿಪ್ ಕಂಡರೆ ತಾನೇ ಎಚ್ಚರಿಸಿ, ಬದಲಿಸಿಕೊಡಲಾ ಅಂತ ಕೇಳುತ್ತದೆ. ಹೂಂ ಅನ್ನಿ.

ಈಗ ಕತ್ತರಿಸುವ ಕೆಲಸ. ತೆಗೆಯಬೇಕಾದದ್ದು, ದೊಡ್ಡವರು ಕೊಟ್ಟ ಪ್ರತಿ ಸುಳಿವು. ನನ್ನ ಅಂಗೈ, ಟೀಚರ್ "ಕೈ ಎತ್ತು" ಅಂತ ಪಿಸುಗುಟ್ಟಿದ್ದು, ಅವನು ಕ್ಯಾಮೆರಾ ಕಡೆ ನೋಡಿದ್ದು. ವಿಡಿಯೋದಲ್ಲಿರುವ ಹುಡುಗನಿಗೆ ಯಾರೂ ಹೇಳಿಕೊಡುತ್ತಿಲ್ಲ, ಅವನೇ ಮಾಡುತ್ತಿದ್ದಾನೆ. ನೋಡುವ ಹುಡುಗನಿಗೆ ಅದೇ ಕಾಣಬೇಕು. ಒಂದೇ ಒಂದು ಸುಳಿವು ಉಳಿದರೂ ಅವನು ಕಲಿಯುವುದು "ಟೀಚರ್ ಹೇಳಿದರೆ ಕೈ ಎತ್ತಬೇಕು" ಅನ್ನುವುದನ್ನು. ಅದು ಅವನಿಗೆ ಆಗಲೇ ಗೊತ್ತು.

ಚಿತ್ರದಿಂದ ಸುಳಿವು ತೆಗೆಯುವುದು ಸುಲಭ, ಹಿಗ್ಗಿಸಿ ಅಂಚು ಕತ್ತರಿಸಿದರೆ ಹೋಯಿತು. ಧ್ವನಿಯಿಂದ ತೆಗೆಯುವುದೇ ಕಷ್ಟ. ಪಿಸುಮಾತನ್ನು ಮ್ಯೂಟ್ ಮಾಡಿದರೆ ಆ ಕ್ಷಣ ಫ್ಯಾನಿನ ಸದ್ದೂ ನಿಂತು ಒಂದು ಗುಂಡಿ ಬಿದ್ದಂತಾಗುತ್ತದೆ. ಮಕ್ಕಳ ಕಿವಿಗೆ ಅದು ತಕ್ಷಣ ಸಿಗುತ್ತದೆ. ಆಗ ಬೇರೆಯಾಗಿ ಇಟ್ಟುಕೊಂಡ ತರಗತಿಯ ಸದ್ದು ಬೇಕು. ಗುಂಡಿಯಲ್ಲಿ ಅದನ್ನು ಹಾಕಿ, ಎರಡೂ ಕಡೆ ನಾಲ್ಕೈದು ಫ್ರೇಮ್‌ನಷ್ಟು ಒಂದರೊಳಗೊಂದು ಕರಗುವಂತೆ ಮಾಡಿದರೆ ಬೆಸುಗೆ ಕೇಳಿಸುವುದಿಲ್ಲ. ಇಡೀ ವಿಡಿಯೋದ ಅಡಿಯಲ್ಲಿ ಇದೇ ಸದ್ದನ್ನು ತೀರಾ ಸಣ್ಣಗೆ ಹರಿಯಬಿಟ್ಟೆ, ಬೇರೆ ಬೇರೆ ದಿನದ ತುಂಡುಗಳು ಒಂದೇ ಪೀರಿಯಡ್‌ನವು ಅನ್ನಿಸುತ್ತವೆ.

ಕಾಯುವ ಎರಡು ಸೆಕೆಂಡನ್ನು ಐದಾರು ಸೆಕೆಂಡ್ ಮಾಡಬೇಕಿತ್ತು. ನಿಜ ತರಗತಿಯಲ್ಲಿ ಟೀಚರ್ ಕಣ್ಣು ತನ್ನ ಮೇಲೆ ಬೀಳುವಷ್ಟು ಹೊತ್ತು ಕಾಯಲೇಬೇಕು. ನಿಧಾನಗತಿ ಮಾಡಿದರೆ ಕೃತಕವಾಗುತ್ತದೆ. ಬದಲಿಗೆ ಕೈ ಎತ್ತಿದ ಶಾಟ್ ಆದಮೇಲೆ ಟೀಚರ್ ಬೋರ್ಡ್ ಕಡೆಯಿಂದ ತಿರುಗಿ ಮಕ್ಕಳನ್ನು ನೋಡುವ ಶಾಟ್ ಇಟ್ಟೆ. ಮತ್ತೆ ಇವನ ಕಡೆಗೆ, ಬೇರೊಂದು ಸಲ ತೆಗೆದ ಕೈ ಎತ್ತಿದ ಶಾಟ್. ಆಮೇಲೆ ಹೆಸರು ಕರೆಯುವುದು. ನೋಡುವವರಿಗೆ ಅವನು ಅಷ್ಟೂ ಹೊತ್ತು ಕೈ ಎತ್ತಿಕೊಂಡೇ ಇದ್ದ ಹಾಗೆ ಕಾಣುತ್ತದೆ.

ಬರೆಯುವ ವಿಡಿಯೋದಲ್ಲೂ ಇದೇ ಕೈಚಳಕ. ಬರೆಯುತ್ತಿರುವ ಅವನು, ನೋಟ್‌ಬುಕ್ಕಿನ ಹತ್ತಿರದ ಶಾಟ್, ಮತ್ತೆ ಅವನು. ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಲೆಕ್ಕ. ಹತ್ತಿರದ ಶಾಟ್‌ನಲ್ಲಿ ಆರು ಸಾಲು ತುಂಬಿ, ಮುಂದಿನ ದೂರದ ಶಾಟ್‌ನಲ್ಲಿ ಪುಟ ಖಾಲಿ ಇದ್ದರೆ ಎಂಟು ವರ್ಷದ ಮಗು ಅದನ್ನು ಬಿಡುವುದಿಲ್ಲ. ಗೋಡೆ ಗಡಿಯಾರವೂ ಅಷ್ಟೇ, ಅದು ಫ್ರೇಮಿನಲ್ಲಿದ್ದರೆ ಮುಳ್ಳುಗಳು ಹಿಂದೆ ಮುಂದೆ ಜಿಗಿಯುತ್ತವೆ. ಹಿಗ್ಗಿಸಿ ಹೊರಗಿಟ್ಟೆ.

ಆರಂಭದಲ್ಲಿ ಅವನ ನಗುಮುಖದ ಮೇಲೆ ಅವನದೇ ಧ್ವನಿ: "ನಾನು ಕೈ ಎತ್ತುತ್ತೇನೆ. ನನ್ನ ಹೆಸರು ಕರೆಯುವವರೆಗೂ ಕಾಯುತ್ತೇನೆ." ಕೊನೆಯಲ್ಲಿ ಟೀಚರ್ ನಿಜವಾಗಿ ಹೇಳಿದ "ಸರಿಯಾದ ಉತ್ತರ, ಚೆನ್ನಾಗಿ ಕಾದೆ" ಮತ್ತು ಅದನ್ನು ಕೇಳಿದಾಗಿನ ಅವನ ಮುಖ. "ಕೂಗಬಾರದು" ಅನ್ನುವ ಮಾತು ಎಲ್ಲೂ ಇಲ್ಲ. ಹಿನ್ನೆಲೆ ಸಂಗೀತ ಹಾಕಲಿಲ್ಲ, ಚಪ್ಪಾಳೆ ಸದ್ದೂ ಇಲ್ಲ. ಅವನು ಕೂರುವ ಕೋಣೆಯಲ್ಲಿ ಅವೆರಡೂ ಇಲ್ಲವಲ್ಲ. ವಿಡಿಯೋ ಆ ಕೋಣೆಯಷ್ಟೇ ಸಾದಾ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉದ್ದ ಎರಡು ನಿಮಿಷದಿಂದ ಮೂರರೊಳಗೆ. ಅದಕ್ಕಿಂತ ಜಾಸ್ತಿಯಾದರೆ ಯಾರ ಗಮನ ನಿಲ್ಲುವುದಿಲ್ಲವೋ ಅವನಿಗೇ ಗಮನದ ಪರೀಕ್ಷೆ ಇಟ್ಟಂತಾಗುತ್ತದೆ.

ಮೊದಲು ಅವನು ಕೂಗುವುದನ್ನು ತೋರಿಸಿ, ಆಮೇಲೆ ಇದನ್ನು ತೋರಿಸಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದಲ್ಲ ಅಂತ ಟೀಚರ್ ಕೇಳಿದರು. ಯಾರಿಗಾದರೂ ಬರುವ ಯೋಚನೆಯೇ. ಆದರೆ ಖಂಡಿತ ಬೇಡ. 1986ರಲ್ಲಿ ಕೆಲ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ತರಗತಿಯಲ್ಲಿ ತೊಂದರೆ ಕೊಡುತ್ತಿದ್ದ ಪ್ರೈಮರಿ ಹುಡುಗರ ಜೊತೆ ಇದನ್ನು ಮಾಡಿ ನೋಡಿದ್ದಾರೆ. ತೊಂದರೆಯ ಭಾಗಗಳನ್ನೆಲ್ಲ ಕತ್ತರಿಸಿದ ವಿಡಿಯೋ ನೋಡಿದವರು ಸುಧಾರಿಸಿದರು. ಕತ್ತರಿಸದೇ ಇರುವುದನ್ನು ನೋಡಿದ ಹುಡುಗನ ನಡವಳಿಕೆ ಇನ್ನೂ ಕೆಟ್ಟಿತು. ನೋಡಿದ್ದನ್ನೇ ಮಗು ಕಲಿಯುತ್ತದೆ. ತನ್ನ ತಪ್ಪನ್ನೇ ಪರದೆಯ ಮೇಲೆ ನೋಡಿದರೆ ಅದೂ ಒಂದು ಮಾದರಿಯೇ ಆಗುತ್ತದೆ. ಮೇಲಾಗಿ ತಾನು ಬಯ್ಯಿಸಿಕೊಂಡದ್ದೆಲ್ಲ ಈ ಹುಡುಗನಿಗೆ ಚೆನ್ನಾಗಿಯೇ ನೆನಪಿದೆ. ಅವನು ಇನ್ನೂ ನೋಡದೇ ಇದ್ದದ್ದು, ಚೆನ್ನಾಗಿ ನಡೆದುಕೊಂಡ ತನ್ನನ್ನು.

ತೋರಿಸಿದ್ದು

ಎರಡೂ ವಿಡಿಯೋ ಸಿದ್ಧವಿದ್ದರೂ ಮೊದಲು ಕೈ ಎತ್ತುವುದನ್ನು ಮಾತ್ರ ಕೊಟ್ಟೆ. ಎರಡನ್ನೂ ಎಣಿಸುತ್ತಲೇ ಇದ್ದೆ. ಕೈ ಎತ್ತುವುದು ಸುಧಾರಿಸಿ, ಓಡಾಟ ಇದ್ದ ಹಾಗೇ ಇದ್ದರೆ ಆಗ ಈ ಬದಲಾವಣೆ ವಿಡಿಯೋದಿಂದ ಬಂತು ಅಂತ ಧೈರ್ಯವಾಗಿ ಹೇಳಬಹುದು. ಎರಡೂ ಒಟ್ಟಿಗೆ ಸುಧಾರಿಸಿದರೆ ಬೇರೆ ಏನೋ ಕಾರಣ ಇರಬಹುದು. ಬರೀ ನಾನು ಬಂದು ಕೂತದ್ದೂ ಆಗಿರಬಹುದು.

ತೋರಿಸಿದ್ದು ಪೀರಿಯಡ್ ಶುರುವಾಗುವ ಸ್ವಲ್ಪ ಮೊದಲು, ಪಕ್ಕದ ಕೋಣೆಯಲ್ಲಿ, ಅವನೊಬ್ಬನಿಗೇ. ಮೊದಲ ಸಲ ಅವನು ಮೂಗು ಪರದೆಗೆ ತಾಗುವಷ್ಟು ಮುಂದೆ ಬಂದ. ಕೈ ಎತ್ತಿದ ಶಾಟ್ ಬಂದಾಗ ತನಗೇ ಗೊತ್ತಿಲ್ಲದೆ ತನ್ನ ಬಲಗೈಯನ್ನು ತೊಡೆಯ ಮೇಲಿಂದ ಸ್ವಲ್ಪ ಎತ್ತಿದ. ಮುಗಿದ ಮೇಲೆ ಕೇಳಿದ, "ಮಿಸ್, ನಾನು ಇಷ್ಟೊತ್ತು ಕಾದಿದ್ನಾ?"

ಈ ಪ್ರಶ್ನೆ ಬಂದೇ ಬರುತ್ತದೆ, ಸುಳ್ಳು ಹೇಳಬಾರದು. "ಸ್ವಲ್ಪ ಸ್ವಲ್ಪ ಕಾದಿದ್ದೆ ಕಣೋ, ಅದನ್ನೆಲ್ಲ ಒಟ್ಟಿಗೆ ಜೋಡಿಸಿದ್ದೀನಿ. ಜೋಡಿಸಿದ್ರೆ ಹೀಗಾಗುತ್ತೆ" ಅಂದೆ. ಸಮಾಧಾನವಾಯಿತು. ಶೂಟಿಂಗ್‌ನಲ್ಲಿ ಅವನೇ ಇದ್ದ, ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತು. ಇದರಿಂದ ವಿಡಿಯೋದ ಬಲ ಕಡಿಮೆಯಾಗಲಿಲ್ಲ. ಮಕ್ಕಳನ್ನು ಸೇರಿಸಿಕೊಂಡೇ ಮಾಡಬೇಕು ಅಂತ ನಾನು ಹೇಳುವುದು ಇದಕ್ಕೇ.

ನೋಡಿದ ಮೇಲೆ ಪಾಠ ಹೇಳಬೇಡಿ. "ನೋಡಿದ್ಯಾ, ಹೀಗೇ ಇರಬೇಕು" ಅಂದ ಕೂಡಲೇ ಅದು ಅವನ ವಿಡಿಯೋ ಆಗಿ ಉಳಿಯುವುದಿಲ್ಲ, ನಮ್ಮದಾಗುತ್ತದೆ. "ಚೆನ್ನಾಗಿದೆ ಅಲ್ವಾ? ಬಾ, ಕ್ಲಾಸಿಗೆ ಹೋಗೋಣ" ಅಷ್ಟೇ. ಶುರುವಿನಲ್ಲಿ ದಿನಕ್ಕೊಂದು ಸಲ, ಆಮೇಲೆ ದಿನ ಬಿಟ್ಟು ದಿನ. ಒಂದೇ ದಿನ ಮೇಲಿಂದ ಮೇಲೆ ತೋರಿಸುವುದಕ್ಕಿಂತ ಬಿಡುವು ಕೊಟ್ಟು ತೋರಿಸಿದರೆ ಚೆನ್ನಾಗಿ ನಾಟುತ್ತದೆ.

ಏನಾಯಿತು

ಕೈ ಎತ್ತುವುದು ಬೇಗ ಬಂತು. ಕೂಗುವುದು ಮೊದಲ ವಾರದಲ್ಲೇ ಗೀಟುಗಳಲ್ಲಿ ಕಾಣುವಷ್ಟು ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಪಕ್ಕದ ಮಕ್ಕಳಿಗೆ ಹತ್ತಿರ ಬಂತು. ಕೈ ಎತ್ತಿದಾಗ ಟೀಚರ್ ಬೇಗ ಹೆಸರು ಕರೆದದ್ದೂ ಇದರಲ್ಲಿ ದೊಡ್ಡ ಪಾಲು. ಮೊದಲ ಕೆಲವು ದಿನ ಇದನ್ನು ಟೀಚರ್ ಜೊತೆ ಮಾತಾಡಿಕೊಂಡೇ ಇದ್ದೆವು. ವಿಡಿಯೋದಲ್ಲಿ ಕಾದರೆ ಉತ್ತರ ಹೇಳಲು ಸಿಗುತ್ತದೆ, ನಿಜ ತರಗತಿಯಲ್ಲೂ ಸಿಗಬೇಕು. ಇಲ್ಲದಿದ್ದರೆ ವಿಡಿಯೋ ಹೇಳಿದ್ದು ಸುಳ್ಳಾಗುತ್ತದೆ. ಓಡಾಟದ ಎಣಿಕೆ ಮಾತ್ರ ಬದಲಾಗಲಿಲ್ಲ. ಅಂದರೆ ಬದಲಾವಣೆ ವಿಡಿಯೋದಿಂದ ಮತ್ತು ಟೀಚರ್ ಬೇಗ ಕರೆದದ್ದರಿಂದ ಬಂದದ್ದು, ಬರೀ ನಾನು ಬಂದು ಕೂತದ್ದರಿಂದಲ್ಲ.

ಆಮೇಲೆ ಬರೆಯುವ ವಿಡಿಯೋ ಕೊಟ್ಟೆ. ಇದು ಅರ್ಧ ಕೆಲಸ ಮಾಡಿತು. ಪುಸ್ತಕ ತೆರೆದು ಶುರು ಮಾಡುವುದು ಬಂತು, ಮೊದಲಿನ ಹಾಗೆ ಹತ್ತು ಸಲ ಹೇಳಬೇಕಾಗಲಿಲ್ಲ. ಆದರೆ ನಾಲ್ಕೈದು ಸಾಲಾದ ಮೇಲೆ ಎದ್ದೇ ಏಳುತ್ತಿದ್ದ. ಆಗ ಮೊದಲು ಬರೆದಿಟ್ಟದ್ದು ನೆನಪಾಯಿತು, ಓಡಾಟ ಜಾಸ್ತಿ ಬೋರ್ಡಿನಿಂದ ಬರೆದುಕೊಳ್ಳುವಾಗ. ಹತ್ತಿರ ಕೂತು ನೋಡಿದೆ. ಪ್ರತಿ ಪದಕ್ಕೂ ತಲೆ ಎತ್ತಿ ನೋಡುತ್ತಾನೆ, ತಲೆ ಬಗ್ಗಿಸುವಷ್ಟರಲ್ಲಿ ಜಾಗ ಕಳೆದುಕೊಳ್ಳುತ್ತಾನೆ. ಕೆಲಸ ಅವನ ಕೈಗೆ ಮೀರಿದ್ದು. ಕೈಗೆ ಮೀರಿದ್ದನ್ನು ವಿಡಿಯೋ ಕಲಿಸುವುದಿಲ್ಲ, ಕೈಗೆ ಹತ್ತಿರ ಬಂದದ್ದನ್ನು ಮಾತ್ರ ಎಳೆದು ತರುತ್ತದೆ. ಅದೇ ಪಾಠವನ್ನು ಹಾಳೆಯಲ್ಲಿ ಬರೆದು ಮೇಜಿನ ಮೇಲೇ ಇಟ್ಟೆವು. ಮೂರು ಮೂರು ಸಾಲಿಗೆ ಒಂದು ಗೆರೆ ಎಳೆದೆವು, ಗೆರೆ ಬಂದಾಗ ಎದ್ದು ಟೀಚರ್‌ಗೆ ತೋರಿಸಿ ಬರಬಹುದು. ಏಳುವುದಕ್ಕೂ ಒಂದು ಜಾಗ ಸಿಕ್ಕಿತು. ಕಣ್ಣಿನ ಪರೀಕ್ಷೆ ಮಾಡಿಸಿ ಅಂತ ಅಮ್ಮನಿಗೂ ಹೇಳಿದೆ.

ವಿಡಿಯೋವನ್ನೂ ಹೊಸ ಪದ್ಧತಿಗೆ ತಕ್ಕಂತೆ ಮತ್ತೆ ಕಟ್ಟಿದೆ. ಹಾಳೆ ನೋಡಿ ಮೂರು ಸಾಲು, ಗೆರೆ, ಎದ್ದು ಟೀಚರ್ ಹತ್ತಿರ, ವಾಪಸ್, ಮತ್ತೆ ಮೂರು ಸಾಲು. ಈ ಸಲ ಎಡಿಟಿಂಗ್‌ನಲ್ಲಿ ಮರೆಮಾಚಬೇಕಾದದ್ದು ಬಹಳ ಕಡಿಮೆ ಇತ್ತು, ಅವನು ನಿಜವಾಗಿಯೇ ಮಾಡುತ್ತಿದ್ದ. ಅದನ್ನು ನೋಡಿದ ಮೇಲೆ 80 ಗುರುತುಗಳಲ್ಲಿ ಸರಿ ಗುರುತುಗಳು ಅರ್ಧ ದಾಟಿದವು.

ಈಗ ತೋರಿಸುವುದು ನಿಲ್ಲಿಸಿದ್ದೇವೆ, ಎಣಿಕೆ ಆಗಾಗ ನಡೆದಿದೆ. ಕೈ ಎತ್ತುವುದು ಉಳಿದಿದೆ. 2007ರಲ್ಲಿ ಬೆಲ್ಲಿನಿ ಮತ್ತು ಅಕುಲಿಯನ್ ಆಟಿಸಂ ಇರುವ ಮಕ್ಕಳಿಗೆ ವಿಡಿಯೋ ತೋರಿಸಿ ಕಲಿಸಿದ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಹೀಗೆ ಕಲಿತದ್ದು ವಿಡಿಯೋ ನಿಂತ ಮೇಲೂ ಉಳಿಯುತ್ತದೆ, ಬೇರೆ ಜಾಗಕ್ಕೂ ಹೋಗುತ್ತದೆ ಅಂತ ಬರೆದಿದ್ದಾರೆ. ನಮ್ಮ ಹುಡುಗ ಬೇರೆ ಥರದವನು, ಆದರೆ ಉಳಿಯುವ ವಿಷಯದಲ್ಲಿ ನಾನು ಕಂಡದ್ದೂ ಅದೇ. ಬೇರೆ ಜಾಗಕ್ಕೆ ಹೋಗುವುದು ಮಾತ್ರ ಇನ್ನೂ ಆಗಿಲ್ಲ. ಕ್ಲಾಸ್ ಟೀಚರ್ ಪೀರಿಯಡ್‌ನಲ್ಲಿ ಕಾಯುವವನು ಗಣಿತದ ಪೀರಿಯಡ್‌ನಲ್ಲಿ ಇನ್ನೂ ಕೂಗುತ್ತಾನೆ. ಅಲ್ಲಿ ಟೀಚರ್ ಬೇರೆ, ಕೂರುವ ಜಾಗವೂ ಬೇರೆ. ಅಲ್ಲಿಗೆ ಹೊಸ ಶಾಟ್‌ಗಳು ಬೇಕು. ಟ್ರೈಪಾಡ್ ಆಗಲೇ ಆ ಕೋಣೆಯ ಮೂಲೆ ಸೇರಿದೆ. ಆ ಬೆಂಚಿನ ಸುತ್ತ ಕೂರುವ ಮಕ್ಕಳ ಮನೆಯಿಂದ ಒಪ್ಪಿಗೆ ಚೀಟಿಗಳು ಬರುತ್ತಿವೆ, ಇನ್ನೆರಡು ಬಂದರೆ ಶೂಟಿಂಗ್ ಶುರು.